ಲಾ ಪೇಸ್ಯಾನ್ಸ್ ಕ್ಷೇತ್ರದ ಕೊನೆಯ ಮತ

ವಾಷಿಂಗ್ಟನ್

ಅಮೆರಿಕದ ರಾಜಧಾನಿಯಲ್ಲಿ ನನ್ನನ್ನು ಮೊದಲು ಹೆದರಿಸಿದ್ದು ಒಂದು ಮೆಟ್ಟಿಲು. ಮೆಟ್ರೋ ನಿಲ್ದಾಣದ ಬಾಯಲ್ಲಿ ನಿಂತು ಬಗ್ಗಿ ನೋಡಿದರೆ ಚಲಿಸುವ ಮೆಟ್ಟಿಲುಗಳು ಇಳಿಯುತ್ತಾ ಇಳಿಯುತ್ತಾ ಮಬ್ಬಿನೊಳಗೆ ಕರಗಿಹೋಗುತ್ತಿದ್ದವು, ತಳವೇ ಕಾಣುತ್ತಿರಲಿಲ್ಲ. ಜನ ಒಬ್ಬರ ಹಿಂದೊಬ್ಬರು ಬಲಕ್ಕೆ ಒತ್ತಿಕೊಂಡು, ತುಟಿಪಿಟಕ್ಕೆನ್ನದೆ, ಪಾತಾಳಕ್ಕೆ ಇಳಿಯುತ್ತಿದ್ದರು. ನಾನು ಎಡಕ್ಕೆ ನಿಂತುಬಿಟ್ಟಿದ್ದೆ. ಹಿಂದಿನಿಂದ ಬಂದ ಸೂಟಿನ ಮನುಷ್ಯ ಎರಡು ಸಲ ಕ್ಷಮೆ ಕೇಳಿದ, ಮೂರನೆಯ ಸಲ ಕೇಳಲಿಲ್ಲ. ತಂಗಿ ವಿಮಲಾ ನನ್ನ ಸೆರಗು ಹಿಡಿದು ಬಲಕ್ಕೆ ಎಳೆದುಕೊಂಡಳು.

ಕೆಳಗೆ ಬೂದು ಬಣ್ಣದ ದೊಡ್ಡ ಕಮಾನು, ಅರೆಬೆಳಕು. ರೈಲು ಬರುವ ಮುಂಚೆ ನೆಲದ ಅಂಚಿನಲ್ಲಿ ಹುದುಗಿಸಿದ ದೀಪಗಳು ತಾವಾಗಿಯೇ ಮಿಟುಕತೊಡಗುತ್ತವೆ. ನನಗೆ ಅದು ಸರಿಬರಲಿಲ್ಲ. ಮೈಸೂರಿನಲ್ಲಿ ನಾವು ದೀಪ ತಾನಾಗಿ ಹೋಗುವುದಕ್ಕೆ ಹೊಂದಿಕೊಂಡಿದ್ದೇವೆ, ತಾನಾಗಿ ಬರುವುದಕ್ಕಲ್ಲ.

ವಿಮಲಾ ಅಲ್ಲಿನ ಒಂದು ಅಂತರರಾಷ್ಟ್ರೀಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಸಹೋದ್ಯೋಗಿ ಇಂದ್ರಾಣಿ ಅಂದು ನಮ್ಮ ಜೊತೆ ಊಟಕ್ಕೆ ಬಂದಳು. ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದವಳು. ಮುತ್ತಜ್ಜನ ಕಾಲದಲ್ಲಿ ಉತ್ತರ ಭಾರತದಿಂದ ಹಡಗಿನಲ್ಲಿ ಕಬ್ಬಿನ ತೋಟಕ್ಕೆ ಹೋದ ಸಂಸಾರ. ಮುಖ ನೋಡಿದರೆ ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳುತ್ತಾ ನಿಂತ ಹುಡುಗಿ, ಬಾಯಿ ತೆರೆದರೆ ರಾಗ ಎಳೆಯುವ ಬೇರೆಯದೇ ಇಂಗ್ಲಿಷ್.

ನಾನೂ ವಿಮಲಾಳೂ ಕಾರಿನಲ್ಲಿ ದಕ್ಷಿಣಕ್ಕೆ, ಅಟ್ಲಾಂಟಾ ಬಳಿಯ ಸುವಾನಿಗೆ ಹೊರಟಿದ್ದೆವು. ಅಲ್ಲಿ ನಮ್ಮ ಚಿಕ್ಕಪ್ಪನ ಮಗಳ ಗೃಹಪ್ರವೇಶ. ಇಂದ್ರಾಣಿಯ ಅಪ್ಪ ಅಮ್ಮ ಆ ದಾರಿಯಲ್ಲೇ, ನಾರ್ತ್ ಕೆರೊಲಿನಾದಲ್ಲಿ, ಅವಳ ತಮ್ಮನ ಜೊತೆ ಇದ್ದರು. ಆ ವಾರ ಅವನು ಕೆಲಸದ ಮೇಲೆ ಹೊರಗೆ ಹೋಗಿದ್ದ. ನಾವು ಒಂದು ರಾತ್ರಿ ಅಲ್ಲಿ ಉಳಿದು ಹೋದರೆ ತನಗೆ ನೆಮ್ಮದಿ ಎಂದಳು. ಆಮೇಲೆ ಅನ್ನವನ್ನು ಚಮಚದಿಂದ ಅತ್ತಿತ್ತ ಮಾಡುತ್ತಾ, ಅಮ್ಮನಿಗೆ ನೆನಪು ಹೋಗುತ್ತಿದೆ, ಈಚೆಗೆ ಎದುರು ಮನೆಯ ಜಗುಲಿಗೆ ಹೋಗಿ ನಿಲ್ಲುತ್ತಾರೆ ಎಂದಳು. ಆ ಮನೆಯವರು ಏನಾದರೂ ಅಂದುಕೊಳ್ಳುವುದಿಲ್ಲವೇ ಎಂದು ಕೇಳಿದೆ.

"ಆ ಮನೆಯಲ್ಲಿ ಯಾರೂ ಇಲ್ಲ," ಎಂದಳು ಇಂದ್ರಾಣಿ.

ಮಾತು ಬದಲಿಸಲೆಂದು ವಿಮಲಾ, ಇವರಪ್ಪ ಹಿಂದೆ ಚುನಾವಣೆಗೆ ನಿಂತವರು ಗೊತ್ತಾ ಅಂದಳು. ಕ್ಷೇತ್ರದ ಹೆಸರು ಲಾ ಪೇಸ್ಯಾನ್ಸ್. ಫ್ರೆಂಚರು ಇಟ್ಟ ಹೆಸರು, ಅರ್ಥ ತಾಳ್ಮೆ. ನನ್ನ ಕಿವಿ ನೆಟ್ಟಗಾಯಿತು. ಶಾಲಾ ಶಿಕ್ಷಕಿಯಾಗಿದ್ದಷ್ಟು ಕಾಲವೂ ನಂಜನಗೂಡು, ನರಸೀಪುರದ ಹಳ್ಳಿಗಳಲ್ಲಿ ಮತಗಟ್ಟೆ ಡ್ಯೂಟಿ ಮಾಡಿದವಳು ನಾನು. ಡ್ಯೂಟಿ ಬಂದಾಗಲೆಲ್ಲ ಬೈದುಕೊಂಡಿದ್ದೇನೆ, ನಿವೃತ್ತಿಯಾದ ಮೇಲೆ ಮತಗಟ್ಟೆಯ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ನಿಧಾನವಾಗುತ್ತದೆ.

ಆಲ್ಡಿ

ವಿಮಲಾಳ ಮನೆ ಇರುವುದು ವರ್ಜೀನಿಯಾದ ಆಲ್ಡಿಯಲ್ಲಿ. ಅಲ್ಲಿ ಊರಿಗಿಂತ ಮುಂಚೆ ಮನೆಗಳು ಬಂದುಬಿಟ್ಟಿವೆ. ಎಲ್ಲವೂ ಒಂದೇ ಅಚ್ಚು, ಒಂದೇ ಬಣ್ಣ. ಸಂಜೆ ವಾಕಿಂಗ್ ಹೋದವಳು ವಾಪಸು ಬಂದು ಧೈರ್ಯವಾಗಿ ಬಾಗಿಲ ಹಿಡಿ ತಿರುಗಿಸಿದೆ. ತೆರೆಯಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು. ಕಿಟಕಿಗೆ ಹಣೆ ಒತ್ತಿ ನೋಡಿದರೆ ಬರಿದಾದ ನಡುಮನೆ, ಬರಿದಾದ ಗೋಡೆ, ಒಂದು ಚಾಪೆಯ ತುಂಡೂ ಇಲ್ಲ. ನೋಡುತ್ತಿದ್ದ ಹಾಗೆ ಮಹಡಿಯ ದೀಪವೂ ಹತ್ತಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

"ಅಕ್ಕ, ಅದು ಫೋರ್‌ಕ್ಲೋಶರ್ ಆದ ಮನೆ, ಲೋನ್ ಕಟ್ಟಕ್ಕಾಗ್ದೆ ಬ್ಯಾಂಕ್ ಪಾಲಾಗಿದೆ," ಎಂದಳು ವಿಮಲಾ. "ಖಾಲಿ ಅಂತ ಗೊತ್ತಾಗ್ಬಾರ್ದು ಅಂತ ಟೈಮರ್ ಸೆಟ್ ಮಾಡಿರ್ತಾರೆ. ಕತ್ತಲಾದ್ರೆ ಲೈಟ್ ತಾನೇ ಆನ್ ಆಗತ್ತೆ."

ಅದು 2008ರ ಅಕ್ಟೋಬರ್. ಮನೆಗಳ ಬೆಲೆ ಕುಸಿದು ಜನ ಬಿಟ್ಟುಹೋಗುತ್ತಿದ್ದ ಕಾಲ, ಅಧ್ಯಕ್ಷರ ಚುನಾವಣೆ ಬೇರೆ ಹತ್ತಿರ ಬಂದಿತ್ತು. ಪ್ರತಿ ಹುಲ್ಲುಹಾಸಿನ ಮೇಲೂ ಅಭ್ಯರ್ಥಿಗಳ ಹೆಸರಿನ ಪುಟ್ಟ ಬೋರ್ಡುಗಳು. ಅವುಗಳ ಪಕ್ಕದಲ್ಲೇ ಸಮಾಧಿ ಕಲ್ಲುಗಳು! ಸತ್ತವರನ್ನು ಅಂಗಳದಲ್ಲೇ ಇಟ್ಟುಕೊಳ್ಳುತ್ತಾರಲ್ಲ ಇವರು ಎಂದು ನಾನು ಒಂದು ಮನೆಯ ಮುಂದೆ ಕೈ ಮುಗಿದೂ ಬಿಟ್ಟಿದ್ದೆ. ವಿಮಲಾಳ ಮಗಳು ಮೇಘನಾ ನಕ್ಕು, "ದೊಡ್ಡಮ್ಮ, ಇಟ್ಸ್ ಫೇಕ್. ಹ್ಯಾಲೋವೀನ್‌ಗೆ ಹಾಕೋದು," ಅಂದಳು. ಫೇಕ್ ಎಂದು ಗೊತ್ತಾದ ಮೇಲೂ ಸಂಜೆಗತ್ತಲಲ್ಲಿ ಆ ಕಲ್ಲು, ಈ ಬೋರ್ಡು ಒಟ್ಟಿಗೆ ಕಂಡರೆ ಸತ್ತವರೂ ಪ್ರಚಾರಕ್ಕೆ ಎದ್ದು ಬಂದಿದ್ದಾರೆ ಅನ್ನಿಸುತ್ತಿತ್ತು.

ನಾವು ಹೊರಡುವ ಬೆಳಿಗ್ಗೆ ವಿಮಲಾಳ ಅತ್ತೆ ಶಾರದಮ್ಮನವರು ಯಾರ ಮನೆಗೆ ಎಂದು ಕೇಳಿದರು. ಅವರ ಕಿವಿ ಸ್ವಲ್ಪ ಮಂದ. ಲಾ ಪೇಸ್ಯಾನ್ಸ್ ಕ್ಷೇತ್ರದವರ ಮನೆಗೆ, ಆ ಮನೆಯ ಯಜಮಾನರು ಕ್ಷೇತ್ರದಲ್ಲಿ ನಿಂತಿದ್ದರು ಎಂದೆ. ಶಾರದಮ್ಮನವರ ಮುಖ ಅರಳಿತು. "ಸಮುದ್ರದ ಮಧ್ಯೆ ಕ್ಷೇತ್ರವೇ? ಯಾವ ದೇವರು?" ಎಂದರು. ಆ ಕ್ಷೇತ್ರ ಅಲ್ಲ, ಓಟಿನ ಕ್ಷೇತ್ರ ಎಂದು ನಾನು ಕೂಗಿದ್ದು ಅವರಿಗೆ ಮುಟ್ಟಲಿಲ್ಲ. ಪುಣ್ಯಕ್ಷೇತ್ರದ ಮುತ್ತೈದೆ, ಬರಿಗೈಯಲ್ಲಿ ಹೋಗಬಾರದು ಎಂದು ಕುಂಕುಮದ ಪೊಟ್ಟಣವೊಂದನ್ನು ನನ್ನ ಚೀಲಕ್ಕೆ ತುರುಕಿದರು. ಬೇಡ ಎನ್ನಲು ಹೋಗಲಿಲ್ಲ.

ಕೆಮ್ಮಣ್ಣಿನ ದಾರಿ

ವರ್ಜೀನಿಯಾ ದಾಟಿದ ಮೇಲೆ ದಾರಿಯ ಎರಡೂ ಬದಿ ಪೈನ್ ಮರಗಳ ಗೋಡೆ. ಗೋಡೆಯ ಆಚೆ ಏನಿದೆಯೋ ತಿಳಿಯದು. ಎಷ್ಟು ಹೊತ್ತು ಹೋದರೂ ಅದೇ ಗೋಡೆ. ಮಣ್ಣು ಮಾತ್ರ ಚಾಮರಾಜನಗರದ ಕಡೆಯ ಕೆಮ್ಮಣ್ಣು. ಅದನ್ನು ಕಂಡು ನನಗೆ ಹಿಗ್ಗಾಯಿತು. "ಅಕ್ಕ, ಮಣ್ಣು ನೋಡೋಕೆ ಇಲ್ಲೀವರೆಗೂ ಬಂದ್ಯಾ?" ಎಂದು ವಿಮಲಾ ಛೇಡಿಸಿದಳು.

ಕಾರಿನಲ್ಲಿ ದಾರಿ ಹೇಳುವ ಯಂತ್ರದ ಹೆಂಗಸು ನಮ್ಮನ್ನು ಸಾಯಂಕಾಲದ ಹೊತ್ತಿಗೆ ಒಂದು ಬಯಲಿಗೆ ತಂದು, ನೀವು ತಲುಪಿದ್ದೀರಿ ಎಂದು ಶಾಂತವಾಗಿ ಹೇಳಿ ಸುಮ್ಮನಾದಳು. ಸುತ್ತ ಕೆಂಪು ಕೆಸರು. ಡಾಂಬರು ರಸ್ತೆ ಇತ್ತು, ಬೀದಿದೀಪದ ಕಂಬ ಇತ್ತು, ರಸ್ತೆಯ ಹೆಸರಿನ ಫಲಕವೂ ಇತ್ತು. ಮನೆ ಮಾತ್ರ ಒಂದೂ ಇರಲಿಲ್ಲ. ಬಡಾವಣೆಯನ್ನು ಅರ್ಧಕ್ಕೇ ಕೈಬಿಟ್ಟಿದ್ದರಂತೆ. ವಿಮಲಾ ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಬಿಳಿ ಅಂಗಿಯ ಒಂದು ಆಕೃತಿ ಆ ನಿರ್ಜನ ರಸ್ತೆಯಲ್ಲಿ ನಡೆದುಬಂತು. ತೆಳ್ಳನೆಯ ಎತ್ತರದ ಮುದುಕರು, ಇಸ್ತ್ರಿಯ ಅಂಗಿ, ತಲೆಗೆ ಹ್ಯಾಟು. ಇಂದ್ರಾಣಿಯ ಅಪ್ಪ.

"ಸೂಗ್ರಿಮ್," ಎಂದು ಕೈ ಚಾಚಿದರು. ಸುಗ್ರೀವನೇ ಎಂದು ಕೇಳಿದೆ. ಸುಗ್ರೀವನೇ, ಹಡಗಿನ ಗುಮಾಸ್ತ ಅವರಜ್ಜನ ಹೆಸರನ್ನು ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡ, ಅದೇ ಮನೆತನದ ಹೆಸರಾಗಿ ಉಳಿಯಿತು ಎಂದರು. ಅವರದು ರಾಗದ ಇಂಗ್ಲಿಷು. ಅದನ್ನು ಹಾಗೇ ಬರೆಯಲು ನನಗೆ ಬರುವುದಿಲ್ಲ, ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಮನೆಯಲ್ಲಿ ಅವರ ಹೆಂಡತಿ ಜಸೋದ್ರಾ ನಮಗೆ ರೊಟ್ಟಿ, ಕುಂಬಳಕಾಯಿ ಪಲ್ಯ ಬಡಿಸಿದರು. ನೆನಪು ಹೋದವರು ಎಂದು ನನಗೆ ತೋರಲೇ ಇಲ್ಲ. ಕೈಗೆ ಎಲ್ಲ ನೆನಪಿತ್ತು. ಗಂಡನ ಸುದ್ದಿ ಬಂದರೆ "ಇಂದ್ರಾಣಿಯ ಅಪ್ಪ" ಅನ್ನುತ್ತಿದ್ದರು. ಸೂಗ್ರಿಮ್ ಅಂಕಲ್ಲೂ ಅಷ್ಟೆ, ಹೆಂಡತಿಯನ್ನು ಕರೆಯಬೇಕಾದರೆ ಗಾಳಿಗೆ ಎಂಬಂತೆ "ಕೇಳಿಸ್ತಾ?" ಅನ್ನುತ್ತಿದ್ದರು. ನಮ್ಮ ಅಜ್ಜ ಅಜ್ಜಿಯ ಹಾಗೇ ಇದ್ದಾರಲ್ಲ ಎಂದು ನನಗೆ ಖುಷಿಯೇ ಆಯಿತು. ಗಂಡನದೂ ಹೆಂಡತಿಯದೂ ಒಂದೇ ಬಗೆಯ ಮೌನವಲ್ಲ ಎಂದು ಆಗ ತಿಳಿದಿರಲಿಲ್ಲ.

ಎದುರು ಮನೆ

ಹೊತ್ತು ಮುಳುಗುತ್ತಿದ್ದಂತೆ ಜಸೋದ್ರಾ ಕೈ ಒರೆಸಿಕೊಂಡರು. ಗೂಟದಿಂದ ಬಿಳಿಯ ಮೇಲುವಸ್ತ್ರ ತೆಗೆದು ತಲೆಯ ಮೇಲೆ ಹೊದ್ದು, ನಮ್ಮ ಕಡೆ ನೋಡದೆ, ಬಾಗಿಲು ತೆರೆದು ನಡೆದರು. ರಸ್ತೆ ದಾಟಿ ಎದುರು ಮನೆಯ ಜಗುಲಿ ಹತ್ತಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತರು. ಹುಲ್ಲು ಮೊಳಕಾಲೆತ್ತರ ಬೆಳೆದಿದ್ದ ಮನೆ ಅದು. ಹುಲ್ಲಿನ ಮಧ್ಯೆ ಯಾರೋ ನೆಟ್ಟುಹೋದ ಚುನಾವಣೆಯ ಬೋರ್ಡು. ಆ ಬೋರ್ಡು ಬಂದ ದಿನದಿಂದಲೇ ಇದು ಶುರುವಾಯಿತು ಎಂದರು ಸೂಗ್ರಿಮ್ ಅಂಕಲ್.

ನಾನು ಹಿಂದೆಯೇ ಹೋಗಿ ಅವರ ಪಕ್ಕ ನಿಲ್ಲಲು ಹೊರಟೆ. ಜಸೋದ್ರಾ ಮೆಲ್ಲಗೆ ನನ್ನ ತೋಳು ಹಿಡಿದು ತಡೆದರು. "ಸಾಲಿನಲ್ಲಿ ಬನ್ನಿ. ನಿಮ್ಮ ಮುಂದೆ ಈ ಅಮ್ಮ ಇದ್ದಾರೆ," ಎಂದು ನಮ್ಮಿಬ್ಬರ ನಡುವಿನ ಬರಿಗಾಳಿಯನ್ನು ತೋರಿಸಿದರು. ನಾನು ಹಿಂದೆ ಸರಿದೆ. ಏಕೆ ಸರಿದೆ ಎಂದು ಕೇಳಬೇಡಿ, ನೀವಾದರೂ ಸರಿಯುತ್ತಿದ್ದಿರಿ. ಅವರು ಆ ಬರಿಗಾಳಿಯತ್ತ ತಿರುಗಿ, ಕಾಲು ನೋವು ಈಗ ಹೇಗಿದೆ ಎಂದು ವಿಚಾರಿಸಿದರು. ಉತ್ತರ ಕೇಳಿಸಿಕೊಂಡವರಂತೆ ತಲೆಯಾಡಿಸಿದರು. ಜಗುಲಿಯ ಕೆಳಗೆ ನಿಂತಿದ್ದ ಸೂಗ್ರಿಮ್ ಅಂಕಲ್ ಹ್ಯಾಟು ತೆಗೆದರು.

"ಅದು ರಾಮ್‌ಕಲೀ ಇರಬೇಕು, ಪಕ್ಕದ ಮನೆಯವಳು," ಎಂದರು ತಗ್ಗಿದ ದನಿಯಲ್ಲಿ. "ಆನೆಕಾಲು ಇತ್ತು ಅವಳಿಗೆ. ತೀರಿಹೋಗಿ ಎಷ್ಟೋ ಕಾಲವಾಯಿತು."

ಅಷ್ಟರಲ್ಲಿ ಒಳಗೆ ದೀಪ ಹತ್ತಿತು. ಟೈಮರ್ ಎಂದು ಗೊತ್ತಿದ್ದರೂ ನಾನು ಜಗುಲಿಯ ಕಂಬ ಹಿಡಿದುಕೊಂಡೆ. "ತೆರೆಯಿತು," ಎಂದು ಜಸೋದ್ರಾ ನಿಟ್ಟುಸಿರು ಬಿಟ್ಟರು. ಬಾಗಿಲು ತೆರೆದಿರಲಿಲ್ಲ. ಕಿಟಕಿಯ ಗಾಜಿನಲ್ಲಿ ನಮ್ಮ ನೆರಳುಗಳು ಒಂದರ ಹಿಂದೊಂದು ನಿಂತಿದ್ದವು. ಅವು ಎಷ್ಟು ಎಂದು ಎಣಿಸುವ ಧೈರ್ಯ ನನಗಾಗಲಿಲ್ಲ.

ಅವರನ್ನು ಅಲ್ಲಿಯೇ ಬಿಟ್ಟು ನಾನೂ ಸೂಗ್ರಿಮ್ ಅಂಕಲ್ಲೂ ಜಗುಲಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತೆವು. ಅವರು ಲಾ ಪೇಸ್ಯಾನ್ಸಿನ ಕಥೆ ಹೇಳಿದರು. ಶಾರದಮ್ಮನವರು ಕೇಳಿದ್ದರೆ ಸ್ಥಳಪುರಾಣ ಎಂದೇ ಕೈ ಮುಗಿಯುತ್ತಿದ್ದರು.

ಒಂದು ಕಡೆ ಕಬ್ಬು, ಒಂದು ಕಡೆ ಕಡಲಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ನಡುವೆ ಸಕ್ಕರೆ ಕಾರ್ಖಾನೆಯ ಚಿಮಣಿ. ದ್ವೀಪಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಓಟು ಮಾತ್ರ ಬಡವರಿಗೂ ಬಂದಿತ್ತು. ಹರೆಯದ ಸೂಗ್ರಿಮ್ ಪಕ್ಷೇತರನಾಗಿ ನಿಂತರು. ಎದುರಾಳಿ ದೊಡ್ಡ ಅಂಗಡಿಯ ಸಾಹುಕಾರ. ಎಣಿಕೆ ಮುಗಿದಾಗ ಇಬ್ಬರಿಗೂ ಸಮಸಮ. ಮತ್ತೆ ಎಣಿಸಿದರು, ಮತ್ತೆ ಸಮಸಮ. ಕೊನೆಗೆ ಅಧಿಕಾರಿ ತನ್ನ ಟೋಪಿಯಲ್ಲಿ ಎರಡು ಚೀಟಿ ಹಾಕಿ ಒಂದನ್ನು ಎತ್ತಿದ. ಸಾಹುಕಾರನ ಹೆಸರು ಬಂತು. ಅಲ್ಲಿಂದಾಚೆಗೆ ಆ ಸೀಟು ಸಾಹುಕಾರನದೇ. ಸ್ವಾತಂತ್ರ್ಯ ಬಂತು, ಪಾರ್ಲಿಮೆಂಟು ಬಂತು. ಅವನು ಪಕ್ಷ ಸೇರಿದ, ಅವನ ನಂತರ ಸೋದರಳಿಯ. ಕಪ್ಪೆಗೆ ಟೈ ಕಟ್ಟಿ ನಿಲ್ಲಿಸಿದ್ದರೂ ಗೆಲ್ಲುತ್ತಿತ್ತು ಎಂದರು ಅಂಕಲ್. ನಮ್ಮಲ್ಲಿ ದೀಪದ ಕಂಬ ನಿಲ್ಲಿಸುತ್ತೇವೆ ಎಂದೆ. ಮೊದಲ ಸಲ ನಕ್ಕರು. ಆಮೇಲೆ ಗಡಿಗಳನ್ನು ಹೊಸದಾಗಿ ಎಳೆದಾಗ ಕಾಡಿನ ಕಡೆಯದು ಒಂದು ಕ್ಷೇತ್ರಕ್ಕೆ ಹೋಯಿತು, ಚಿಮಣಿಯ ಕಡೆಯದು ಇನ್ನೊಂದಕ್ಕೆ. ಲಾ ಪೇಸ್ಯಾನ್ಸ್ ಎಂಬ ಕ್ಷೇತ್ರ ಈಗ ಇಲ್ಲ. ಕಾರ್ಖಾನೆಯೂ ಮುಚ್ಚಿದೆ.

"ಈಗ ಇಲ್ಲದ ಕ್ಷೇತ್ರಕ್ಕೆ ಅವಳು ಓಟು ಹಾಕಲು ನಿಂತಿದ್ದಾಳೆ," ಎಂದರು.

ಹ್ಯಾಟಿನ ಅಂಚನ್ನು ತಿರುಗಿಸುತ್ತಾ, ಬಹುಶಃ ನಾನು ಅಪರಿಚಿತಳಾದ್ದರಿಂದ, ಉಳಿದದ್ದನ್ನೂ ಹೇಳಿದರು. ಮತದಾನದ ದಿನ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಗಿತ್ತು. ಗೆದ್ದರೆ ನೀನು ಊರಿನವನಾಗುತ್ತೀ, ಮನೆಯವನಾಗಿ ಉಳಿಯುವುದಿಲ್ಲ ಎಂದು ಅವಳು ಅಂದಿದ್ದಳು. ರಾತ್ರಿ ಮತಗಟ್ಟೆಯಲ್ಲಿ ಅವರ ಪರವಾಗಿ ಕುಳಿತಿದ್ದ ಏಜೆಂಟ್ ಬಂದು, ಅಣ್ಣಾ, ಪಟ್ಟಿಯಲ್ಲಿ ಅತ್ತಿಗೆಯ ಹೆಸರಿಗೆ ಗುರುತೇ ಬಿದ್ದಿಲ್ಲ, ಅವರು ಓಟು ಹಾಕಿಲ್ಲ ಎಂದ. ಸಮಸಮ ಆಗಿದ್ದ ಎಣಿಕೆ! ಇವರು ಹೆಂಡತಿಯನ್ನು ಏಕೆ ಎಂದು ಕೇಳಲಿಲ್ಲ. ಕೇಳುವುದು ತನಗೆ ಅವಮಾನ ಎಂದುಕೊಂಡರು. ಅಂದು ಬಿಟ್ಟವರು ಇಂದಿನವರೆಗೂ ಅವಳನ್ನು ಹೆಸರು ಹಿಡಿದು ಕರೆದಿಲ್ಲ. ಮಕ್ಕಳಾದರು, ಮೊಮ್ಮಕ್ಕಳಾದರು, ಕರೆದಿಲ್ಲ.

"ಅವಳ ತಲೆಯಿಂದ ಎಲ್ಲ ಅಳಿಸಿಹೋಗುವ ಮುಂಚೆ ಅದೊಂದು ನನಗೆ ಗೊತ್ತಾಗಬೇಕು. ಬೇಕೆಂದೇ ನನ್ನನ್ನು ಸೋಲಿಸಿದಳೇ? ದಿನವೂ ಇಲ್ಲಿ ನಿಂತು ಕೇಳುತ್ತೇನೆ. ಸಾಲು ಉದ್ದ ಇದೆ ಅಂತಾಳೆ, ಅಷ್ಟೆ."

ನನಗೆ ಆ ಮುದುಕರ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಒಂದು ಸೀಟಿಗೋಸ್ಕರ ಇಡೀ ಬಾಳುವೆಯ ಮುನಿಸೇ? ಆದರೆ ಅವರು ಜಗುಲಿಯ ಕಡೆಗೇ ಕಣ್ಣಿಟ್ಟು ಕುಳಿತಿದ್ದುದನ್ನು ನೋಡಿ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮರುದಿನ ಬೆಳಿಗ್ಗೆ

ಎದ್ದಾಗ ಎದುರು ಮನೆ ಕಾಣುತ್ತಲೇ ಇರಲಿಲ್ಲ, ಅಷ್ಟು ಮಂಜು. ವಿಮಲಾ ಕಾರಿಗೆ ಸಾಮಾನು ತುಂಬುತ್ತಾ, "ಅಕ್ಕ, ಬೇಗ ಸ್ಟಾರ್ಟ್ ಮಾಡೋಣ, ಟ್ರಾಫಿಕ್ ಆಗತ್ತೆ," ಅನ್ನುತ್ತಿದ್ದಳು. ಜಸೋದ್ರಾ ಮನೆಯಲ್ಲಿರಲಿಲ್ಲ. ಮಂಜಿನೊಳಗಿಂದ ಯಾರನ್ನೋ ಕ್ಷೇಮ ವಿಚಾರಿಸುವ ಅವರ ದನಿ ಮಾತ್ರ ಬರುತ್ತಿತ್ತು.

ಮತ ಹಾಕಲು ಬಂದವರನ್ನು ಇಷ್ಟು ಹೊತ್ತು ನಿಲ್ಲಿಸುವುದು ಯಾವ ನ್ಯಾಯ ಎಂದು ನನ್ನೊಳಗಿನ ಹಳೆಯ ಮತಗಟ್ಟೆ ಅಧಿಕಾರಿ ಎದ್ದು ಕುಳಿತಳು. ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದೆ. ಜಗುಲಿಯ ಮೂಲೆಯಲ್ಲಿ ಬಿಟ್ಟುಹೋದವರ ಪ್ಲಾಸ್ಟಿಕ್ ಕುರ್ಚಿಯೊಂದು ಇತ್ತು. ಅದನ್ನು ಬಾಗಿಲ ಮುಂದೆ ಎಳೆದು ಕುಳಿತೆ. ಒಂದು ಸಲ ಹಾಕಿಸಿಬಿಟ್ಟರೆ ಈ ಜೀವಕ್ಕೆ ಸಮಾಧಾನವಾದೀತು ಎಂದಷ್ಟೇ ನನ್ನ ಲೆಕ್ಕ. ಕನ್ನಡಕ ಸರಿಮಾಡಿಕೊಂಡು, ಇಷ್ಟು ವರ್ಷ ಹೇಳಿದ ಅದೇ ದನಿಯಲ್ಲಿ, ಮುಂದಿನವರು ಬನ್ನಿ ಎಂದು ಇಂಗ್ಲಿಷಿನಲ್ಲಿ ಕರೆದೆ.

ಜಸೋದ್ರಾ ಬೆಚ್ಚಿದರು. ಹಿಂದೆ ತಿರುಗಿ ಯಾರಿಗೋ ಹೋಗಿಬರುತ್ತೇನೆ ಎಂದು ಸನ್ನೆ ಮಾಡಿ ನನ್ನ ಮುಂದೆ ಬಂದು ನಿಂತರು. ಹೆಸರು ಕೇಳಿದೆ.

"ಜಸೋದ್ರಾ."

ಪೂರ್ತಿ ಹೆಸರು ಹೇಳಿ ಎಂದೆ. ಅದು ಬಾಯಿಗೆ ತಾನಾಗಿ ಬರುವ ಪ್ರಶ್ನೆ.

ಆ ಮುಖ ಬದಲಾದ ರೀತಿಯನ್ನು ನಾನು ಮರೆಯಲಾರೆ. ಕಣ್ಣಿನಲ್ಲಿ ಭಯ ತುಂಬಿಕೊಂಡಿತು. ಮೇಲುವಸ್ತ್ರವನ್ನು ಹಣೆಯ ಕೆಳಗೆ ಎಳೆದುಕೊಂಡು, ತುಟಿ ಬಿಗಿಹಿಡಿದು ನೆಲ ನೋಡಿದರು. ಆಮೇಲೆ ಎಳೆಯ ಹೆಂಗಸಿನ ದನಿಯೊಂದು ಆ ಮುದಿ ಬಾಯಿಂದ ಬಂತು.

"ಅದನ್ನು ನಾನು ಹೇಳುವ ಹಾಗಿಲ್ಲ, ಸಾಹೇಬರೆ. ನಗಬೇಡಿ ಅಂತ ಅವರಿಗೆ ಹೇಳಿ."

ನನಗೆ ಥಟ್ಟನೆ ಅರ್ಥವಾಯಿತು. ಮತದಾರರ ಪಟ್ಟಿಯಲ್ಲಿ ಅವರು ಜಸೋದ್ರಾ ಅಲ್ಲ, ಜಸೋದ್ರಾ ಸೂಗ್ರಿಮ್. ಮನೆತನದ ಹೆಸರು ಎಂದರೆ ಗಂಡನ ಹೆಸರು. ಊರೆಲ್ಲ ಅವರ ಗಂಡನನ್ನು ಕರೆಯುತ್ತಿದ್ದ ಹೆಸರು. ಗಂಡನ ಹೆಸರು ಹೇಳಬಾರದ ಹೆಂಗಸು ತನ್ನ ಹೆಸರನ್ನೇ ಹೇಳಲಾರದೆ ನಿಂತಿದ್ದಳು!

ನನಗೆ ನೆನಪಾದದ್ದು ನರಸೀಪುರದ ಕಡೆಯ ಒಂದು ಶಾಲೆ. ನನ್ನ ಮೊದಮೊದಲ ಡ್ಯೂಟಿ. ಗಂಡನ ಹೆಸರೇನಮ್ಮ ಎಂದರೆ ಆಕೆ ನಾಚಿ, ಕಿಟಕಿಯ ಹೊರಗೆ ಗಾಡಿಗೆ ಕಟ್ಟಿದ್ದ ಎತ್ತನ್ನು ತೋರಿಸಿದ್ದಳು. ನಮ್ಮ ಗುಮಾಸ್ತರು ತಲೆಯನ್ನೂ ಎತ್ತದೆ "ಬಸವಯ್ಯ" ಎಂದು ಗುರುತು ಹಾಕಿ ಮುಂದಕ್ಕೆ ಕಳಿಸಿದ್ದರು. ನಮ್ಮಲ್ಲಿ ಅದೊಂದು ದೊಡ್ಡ ಸಂಗತಿಯೇ ಅಲ್ಲ. ಮದುವೆಮನೆಯಲ್ಲಿ ಹೊಸಿಲಿಗೆ ಅಡ್ಡ ನಿಂತು, ಹೆಸರು ಹೇಳು ಎಂದು ಮದುಮಗಳನ್ನು ಕಾಡಿ ನಗುವ ಜನ ನಾವು. ಅಂದು ಆ ದ್ವೀಪದಲ್ಲಿ ಕುಳಿತಿದ್ದ ಅಧಿಕಾರಿ ಪಟ್ಟಣದವನು, ನಮ್ಮ ಕಡೆಯ ರೂಢಿ ಅರಿಯದ ಬೇರೆ ಜನ. ತನ್ನ ಹೆಸರೇ ಗೊತ್ತಿಲ್ಲದ ಹೆಂಗಸು ಎಂದು ಪಕ್ಕಕ್ಕೆ ಕೂರಿಸಿದ್ದಾನೆ. ಸುತ್ತಲಿನವರು ನಕ್ಕಿದ್ದಾರೆ.

ಹೇಗಾದರೂ ಮಾಡಿ ದಾಟಿಸಬೇಕಿತ್ತು. ಕೆರೊಲಿನಾದಲ್ಲಿ ಎತ್ತು ಎಲ್ಲಿ ತರಲಿ, ತಂದರೂ ಏನು ಪ್ರಯೋಜನ? ಆಗ ಹೊಳೆಯಿತು. ನಾನು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದೆ.

"ವಾಲಿಯ ತಮ್ಮನೇ?"

ಜಸೋದ್ರಾ ತಲೆಯೆತ್ತಿದರು. ಕಣ್ಣು ಅಗಲವಾದವು. "ಹೌದು," ಎಂದರು. "ಹೌದು ಸಾಹೇಬರೆ, ಅವನೇ. ರಾಮ ಯಾರಿಗೆ ರಾಜ್ಯ ಕೊಡಿಸಿದನೋ ಅವನೇ." ತಡೆಹಿಡಿದ ಉಸಿರು ಬಿಟ್ಟವರಂತೆ ಅತ್ತರು, ಜೊತೆಗೇ ನಕ್ಕರು. "ಇಡೀ ದಿನ ಕೂತಿದ್ದೆ. ಅವರ ಏಜೆಂಟ್ ಊಟಕ್ಕೆ ಹೋದವನು ಬರಲೇ ಇಲ್ಲ. ಯಾರೂ ಹೀಗೆ ಕೇಳಲಿಲ್ಲ."

ಮೆಟ್ಟಿಲ ಬಳಿ ಏನೋ ಸದ್ದಾಯಿತು. ಹೆಂಡತಿಗೆ ಶಾಲು ತಂದಿದ್ದ ಸೂಗ್ರಿಮ್ ಅಂಕಲ್ ಮಂಜಿನಲ್ಲಿ ಕಂಬ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಶಾಲು ಕೆಳಗೆ ಬಿದ್ದಿತ್ತು.

ನಾನು ಕೆಲಸ ನಿಲ್ಲಿಸಲಿಲ್ಲ, ಮಧ್ಯದಲ್ಲಿ ನಿಲ್ಲಿಸುವ ಕೆಲಸವಲ್ಲ ಅದು. ಮಂಜು ಕೂತಿದ್ದ ಕಿಟಕಿಯ ಗಾಜನ್ನು ತೋರಿಸಿದೆ. ಜಸೋದ್ರಾ ಬೆನ್ನಿನಿಂದ ಮರೆಮಾಡಿಕೊಂಡು ಬೆರಳಿನಿಂದ ಅಲ್ಲಿ ಗುರುತು ಹಾಕಿದರು. ನಾನು ಆ ಕಡೆ ನೋಡಲಿಲ್ಲ, ನೋಡಬಾರದು. ಕೊನೆಗೆ ಶಾಯಿ ಬೇಕಾಯಿತು. ಅವರ ದ್ವೀಪದಲ್ಲಿ ಓಟಿನ ಶಾಯಿ ಕೆಂಪಂತೆ, ಹಿಂದಿನ ಸಂಜೆ ಅಂಕಲ್ ಹೇಳಿದ್ದರು. ಶಾರದಮ್ಮನವರ ಕುಂಕುಮವನ್ನು ಅಂಗೈಯಲ್ಲಿ ನೀರು ಹಾಕಿ ಕಲಸಿ ಜಸೋದ್ರಾ ಅವರ ಬೆರಳಿಗೆ ಹಚ್ಚಿದೆ. ಅವರು ಆ ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಜಸೋದ್ರಾ," ಎಂದರು ಸೂಗ್ರಿಮ್ ಅಂಕಲ್.

ಎಷ್ಟು ವರ್ಷಗಳ ಮೇಲೆ ಆ ಹೆಸರು ಆ ಬಾಯಿಂದ ಬಂದಿತ್ತೋ, ದನಿ ಒಡೆದು ಅರ್ಧಕ್ಕೇ ನಿಂತಿತು. ಆಕೆ ತಿರುಗಿದರು. ಮಂಜಿನಲ್ಲಿ ನಿಂತಿದ್ದ ಮುದುಕರನ್ನು ಮರ್ಯಾದೆಯಿಂದ, ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದರು. ಸಾಲು ಮುಗಿದಿತ್ತು, ಬೆನ್ನ ಹಿಂದೆ ಯಾರಿಗೂ ದಾರಿ ಬಿಡದೆ ನೇರ ಇಳಿದುಬಂದು ಕೆಂಪು ಬೆರಳನ್ನು ಅವರ ಮುಖದ ಹತ್ತಿರ ಹಿಡಿದರು.

"ನಮ್ಮ ಮನೆಯವರು ಇವತ್ತು ಎಲೆಕ್ಷನ್‌ಗೆ ನಿಂತಿದ್ದಾರೆ. ನಿಮಗೆ ಎಲ್ಲಾದರೂ ಕಂಡರೆ ಹೇಳಿ, ನಾನು ಓಟು ಹಾಕಿದೆ ಅಂತ."

"ಹೇಳುತ್ತೇನೆ," ಎಂದರು ಅವರು.

ಸುವಾನಿ

ಸುವಾನಿಯ ಗೃಹಪ್ರವೇಶದ ಮನೆ ತುಂಬ ನಮ್ಮವರೇ. ಚಿತ್ರಾನ್ನದ ವಾಸನೆ, ರೇಷ್ಮೆ ಸೀರೆ, ಹೊಸ್ತಿಲ ತುಂಬ ಸ್ನೀಕರ್ಸ್. ಚಿಕ್ಕಪ್ಪನ ಮಗಳು ಮಹಡಿಯಿಂದಲೇ ಗಂಡನಿಗೆ, "ರಮೇಶ್, ಕುಕ್ಕರ್ ಆಫ್ ಮಾಡಿದ್ಯಾ?" ಎಂದು ಕೂಗಿದಳು. ಬೇರೆ ದಿನವಾಗಿದ್ದರೆ ಮೂಗು ಮುರಿಯುತ್ತಿದ್ದೆನೇನೋ. ಅಂದು ಆ ಕೂಗು ಕೇಳುತ್ತಾ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟೆ. ಇನ್ನೊಂದು ಸಲ ಕರೆಯೇ ಅನ್ನಬೇಕೆನ್ನಿಸಿತು.

ಕತ್ತಲಾಗುವ ಹೊತ್ತಿಗೆ ಇಂದ್ರಾಣಿ ಫೋನ್ ಮಾಡಿದಳು. ಅಮ್ಮ ಇವತ್ತು ಸಂಜೆ ಹೊರಗೆ ಹೋಗಿಲ್ಲ, ಬೆರಳು ತೊಳೆಯಲೂ ಬಿಡದೆ ಮಗುವಿನಂತೆ ಮಲಗಿದ್ದಾರಂತೆ, ನೀವು ಏನು ಮಾಡಿದಿರಿ ಎಂದು ಕೇಳಿದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

ತಮ್ಮ ಈಗಷ್ಟೇ ಊರಿಂದ ಬಂದನಂತೆ. ಎದುರು ಮನೆಯ ದೀಪ ಹತ್ತಿತ್ತು. ಹ್ಯಾಟು ಕೈಯಲ್ಲಿ ಹಿಡಿದು ಅಪ್ಪ ಅಲ್ಲಿ ಜಗುಲಿಯ ಮೇಲೆ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದಾರೆ. ಮನೆಗೆ ಬನ್ನಿ ಎಂದು ಕರೆದರೆ ತಿರುಗಿ ನೋಡಲಿಲ್ಲ.

ಸಾಲು ಉದ್ದ ಇದೆ, ನೀನು ಹೋಗು ಎಂದರಂತೆ.